36 ವರ್ಷ ಕಣದಲ್ಲಿದ್ದವರಿಗೆ ಒಂದು ತಿಂಗಳ ಸಂಬಳವೂ ಇಲ್ಲ

ಹನಕಾಜೆ ದೈಸಾಕು ಜಪಾನಿನ ಸುಮೊ ಕುಸ್ತಿ ಕಣಕ್ಕೆ ಇಳಿದಾಗ ಅವರಿಗೆ 15 ವರ್ಷ. ಅದು 1986ರ ಮಾರ್ಚ್. ಕಣ ಬಿಟ್ಟಿದ್ದು 2022ರ ಜನವರಿಯಲ್ಲಿ, 51ನೇ ವಯಸ್ಸಿಗೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವರು ಸಂಬಳ ಸಿಗುವ ಮೇಲಿನ ದರ್ಜೆಗೆ ಹೋಗಲಿಲ್ಲ.

ಸುಮೊದಲ್ಲಿ ಆರು ದರ್ಜೆಗಳಿವೆ. ಮೇಲಿನ ಎರಡರಲ್ಲಿ, ಅಂದ್ರೆ ಮಾಕುಉಚಿ ಮತ್ತು ಜೂರ್ಯೊದಲ್ಲಿ, ಒಟ್ಟು 70 ಜನಕ್ಕೆ ಮಾತ್ರ ಜಾಗ. ಇವರನ್ನು ಸೆಕಿತೊರಿ ಅಂತಾರೆ. ತಿಂಗಳ ಸಂಬಳ ಸಿಗೋದು ಇವರಿಗಷ್ಟೇ. ಜೂರ್ಯೊ ಮಲ್ಲರಿಗೆ ತಿಂಗಳಿಗೆ 11 ಲಕ್ಷ ಯೆನ್. ಕೆಳಗಿನವರಿಗೆ ಊಟ, ವಸತಿ ಉಚಿತ, ಜೊತೆಗೆ ಎರಡು ತಿಂಗಳಿಗೊಮ್ಮೆ ನಡೆಯುವ ಟೂರ್ನಿಗೆ ಒಂದು ಭತ್ಯೆ. 2019ರಲ್ಲಿ ಅದನ್ನು ಏರಿಸಿದರು. ಏರಿಸಿದ ಮೇಲೂ ಕೆಳಗಿನಿಂದ ಎರಡನೆಯದಾದ ಜೋನಿದಾನ್ ದರ್ಜೆಗೆ ಸಿಗೋದು 88,000 ಯೆನ್. ವರ್ಷಕ್ಕೆ ಟೂರ್ನಿ ಆರೇ.

ಹನಕಾಜೆ ಇದ್ದಿದ್ದು ತಾತ್ಸುನಾಮಿ ಹೆಯಾದಲ್ಲಿ. ಹೆಯಾ ಅಂದ್ರೆ ನಮ್ಮ ಗರಡಿ ಮನೆಯ ಹಾಗೆ, ಆದರೆ ಬದುಕೂ ಅಲ್ಲೇ. ಸೇರಿದ ಮೇಲೆ ಬೇರೆ ಹೆಯಾಗೆ ಹೋಗುವ ಹಾಗಿಲ್ಲ. ಕೆಳದರ್ಜೆಯವರು ಬೆಳಗಿನ ಜಾವವೇ ಎದ್ದು ಅಭ್ಯಾಸ ಶುರು ಮಾಡಬೇಕು. ಆಮೇಲೆ ಚಾಂಕೊ ಅನ್ನೋ ಮಲ್ಲರ ಊಟದ ಅಡುಗೆ, ಕಸ, ಬಟ್ಟೆ, ಸೆಕಿತೊರಿಗಳ ಸೇವೆ. ಊಟಕ್ಕೆ ಕೂರೋದು ಮಾತ್ರ ಕೊನೆಗೆ. ಮಲಗೋದು ಎಲ್ಲರೂ ಒಂದೇ ದೊಡ್ಡ ಕೋಣೆಯಲ್ಲಿ. ಮದುವೆಯಾಗಿ ಹೊರಗೆ ಸಂಸಾರ ಹೂಡುವ ಅವಕಾಶ ಸೆಕಿತೊರಿಗಳಿಗೆ ಮಾತ್ರ. ಜೋನಿದಾನ್‌ನಲ್ಲಿ ಇರುವವರಿಗೆ ಕೊರೆಯುವ ಚಳಿಯಲ್ಲೂ ಯುಕಾತಾ ಅನ್ನೋ ತೆಳ್ಳಗಿನ ಹತ್ತಿ ನಿಲುವಂಗಿಯೇ ಗತಿ. 18ರ ಹುಡುಗ ಇದನ್ನೆಲ್ಲ ತಡ್ಕೋತಾನೆ ಬಿಡಿ. 45ರಲ್ಲಿ, 50ರಲ್ಲಿ?

ಹನಕಾಜೆ ಸೇರಿದ ವರ್ಷವೇ ಅದೇ ಹೆಯಾದ ಫುತಾಹಾಗುರೊ ಯೋಕೊಝುನಾ ಆದರು. ಅದು ಸುಮೊದ ಅತಿ ದೊಡ್ಡ ಪಟ್ಟ. 1987ರ ಕೊನೆಗೆ ಅವರು ಗುರುವಿನ ಜೊತೆ ಜಗಳ ಮಾಡಿಕೊಂಡು ಹೆಯಾ ಬಿಟ್ಟು ಹೋದರು, ಸುಮೊ ಜೀವನ ಅಲ್ಲಿಗೇ ಮುಗೀತು. ಹನಕಾಜೆ ಉಳಿದರು. ಮೂವತ್ತು ವರ್ಷ ಆದ ಮೇಲೆ ಅದೇ ಹೆಯಾಗೆ ಮಂಗೋಲಿಯಾದ ಹುಡುಗನೊಬ್ಬ ಬಂದ. ಅವನು ಹೊಶೊರ್ಯು. ಅವನು ಹುಟ್ಟುವ ಹೊತ್ತಿಗೇ ಹನಕಾಜೆ ಹದಿಮೂರು ವರ್ಷ ಕುಸ್ತಿ ಮಾಡಿ ಆಗಿತ್ತು! 2025ರಲ್ಲಿ ಹೊಶೊರ್ಯು ಯೋಕೊಝುನಾ ಆದಾಗ ಜಗತ್ತೆಲ್ಲ ಹಿಂದೆ ಯೋಕೊಝುನಾ ಆಗಿದ್ದ ಅವನ ಚಿಕ್ಕಪ್ಪ ಅಸಾಶೊರ್ಯು ಅವರ ಹೆಸರು ನೆನೆಸಿಕೊಂಡಿತು. ನನಗೆ ನೆನಪಾಗಿದ್ದು ಹನಕಾಜೆ.

ಅಸಾಶೊರ್ಯು ಜೊತೆಯಲ್ಲೂ ಇಂಥದ್ದೇ ಒಬ್ಬರು ಇದ್ದರು. ಇಚಿನೊಯಾ. ತೊಕುನೊಶಿಮಾ ದ್ವೀಪದವರು. ರ್‍ಯುಕ್ಯು ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದಿದವರು. 1983ರ ನವೆಂಬರ್‌ನಲ್ಲಿ ಸುಮೊಗೆ ಬಂದರು, 2007ರ ನವೆಂಬರ್‌ವರೆಗೆ ಆಡಿದರು. ಆಗ ಅವರಿಗೆ 46 ವರ್ಷ. ಅವರೂ ಮೇಲಿನಿಂದ ನಾಲ್ಕನೆಯದಾದ ಸಾಂದಾನ್‌ಮೆ ದರ್ಜೆ ದಾಟಲಿಲ್ಲ. 1999ರಲ್ಲಿ ಅವರ ಹೆಯಾ ಸೇರಿದ ಅಸಾಶೊರ್ಯು ನಾಲ್ಕೇ ವರ್ಷಕ್ಕೆ ಯೋಕೊಝುನಾ.

ಕೆಳಗಿನವರಿಗೆ ಯಾಕೆ ಸಂಬಳ ಇಲ್ಲ ಅಂದ್ರೆ ಹಳಬರು ಹೇಳೋದು ಒಂದೇ ಮಾತು. ಹೊಟ್ಟೆ ತುಂಬಿದರೆ ಹುಡುಗರು ಮೇಲೇರಲ್ಲ, ಹಸಿವೇ ಅವರನ್ನು ಓಡಿಸೋದು ಅಂತ. ನಾನು ಇದನ್ನು ಒಪ್ಪಲ್ಲ. ಇಚಿನೊಯಾ ಡಿಗ್ರಿ ಹಿಡಿದು ಬೇರೆ ಕೆಲಸಕ್ಕೆ ಹೋಗಬಹುದಿತ್ತು, ಅಲ್ವಾ? 24 ವರ್ಷ ಸೋಮಾರಿತನದಿಂದ ಅಲ್ಲಿ ಯಾರೂ ಇರಲ್ಲ. ಟೂರ್ನಿಯಲ್ಲಿ ಇವರ ಸರದಿ ಬರೋದು ಬೆಳಗ್ಗೆ. ತೋಕಿಯೊದ ಸುಮೊ ಕ್ರೀಡಾಂಗಣ ಕೊಕುಗಿಕಾನ್‌ನಲ್ಲಿ ಆಗ ಸೀಟುಗಳೆಲ್ಲ ಹೆಚ್ಚು ಕಡಿಮೆ ಖಾಲಿ. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದರೆ ಸ್ವಲ್ಪ ಮೇಲೆ, ಸೋತರೆ ಕೆಳಗೆ. ನೋಡೋಕೆ ಯಾರೂ ಇಲ್ಲದಿದ್ದರೂ ಪೂರ್ತಿ ಶಕ್ತಿ ಹಾಕಿ ಆಡ್ತಾರೆ.

ಇನ್ನೊಂದು ವಿಷಯ. ಸೆಕಿತೊರಿ ಸಂಜೆ ಕಣಕ್ಕೆ ಬರುವ ಮೊದಲು ಅವರ ಸಾಮಾನು ಹೊತ್ತವರು, ಸೊಂಟಕ್ಕೆ ಮವಾಶಿ ಪಟ್ಟಿ ಬಿಗಿದವರು, ಬೆನ್ನು ಉಜ್ಜಿದವರು, ಅಡುಗೆ ಮಾಡಿದವರು ಇವರೇ. ಹೊಸ ಹುಡುಗರಿಗೆ ಬೀಳೋದು ಹೇಗೆ, ಏಳೋದು ಹೇಗೆ ಅಂತ ತೋರಿಸೋದೂ ಬಹುಪಾಲು ಹಳೆ ಮಲ್ಲರೇ. ಇದು ಕೆಲಸ. ಕೆಲಸ ಅಂದಮೇಲೆ ಸಂಬಳ ಕೊಡಬೇಕು. ಸೆಕಿತೊರಿ ಆಗದವರಿಗೆ ನಿವೃತ್ತಿಯಾದ ಮೇಲೆ ಒಯಾಕಾತಾ, ಅಂದ್ರೆ ಗುರುವಿನ ಸ್ಥಾನವೂ ಸಿಗಲ್ಲ. 15ಕ್ಕೆ ಶಾಲೆ ಮುಗಿಸಿ ಬಂದವರು 51ಕ್ಕೆ ಹೊರಗೆ ಬಂದು ಏನು ಮಾಡಬೇಕು?

1994ರಲ್ಲಿ ಸುಮೊದಲ್ಲಿ 943 ಮಲ್ಲರಿದ್ದರು. ಈಗ 600ಕ್ಕೂ ಕಡಿಮೆ. ಮಕ್ಕಳು ಬರ್ತಿಲ್ಲ ಅಂತ ಸುಮೊ ಸಂಘ ಚಿಂತೆ ಮಾಡ್ತಿದೆ. 2023ರಲ್ಲಿ ಹೊಸಬರಿಗಿದ್ದ ಎತ್ತರ, ತೂಕದ ಷರತ್ತನ್ನೂ ಸಡಿಲಿಸಿದರು. ಆದರೆ ಯಾವ ತಾಯಿ ತಂದೆ ಮಗನನ್ನು ಕಳಿಸ್ತಾರೆ ಹೇಳಿ? ನೂರಾರು ಹುಡುಗರಲ್ಲಿ 70 ಜನರಿಗೆ ಸಂಬಳ, ಉಳಿದವರಿಗೆ ಊಟ ಮತ್ತು ಭತ್ಯೆ ಅಂದ್ರೆ ಮನಸ್ಸಾದರೂ ಹೇಗೆ ಬರಬೇಕು?

ಹಣ ಇಲ್ಲ ಅನ್ನೋ ಹಾಗೂ ಇಲ್ಲ. 2024ರಲ್ಲಿ ಟೂರ್ನಿಗಳು ಕಿಕ್ಕಿರಿದು ತುಂಬಿದ್ದವು. ಸೆಕಿತೊರಿಗೆ ಕೊಡುವಷ್ಟು ಕೊಡಿ ಅಂತ ನಾನು ಹೇಳ್ತಿಲ್ಲ. ಹತ್ತು ವರ್ಷ ಕಣದಲ್ಲಿ ಉಳಿದ ಪ್ರತಿಯೊಬ್ಬರಿಗೂ ದರ್ಜೆ ಯಾವುದೇ ಇರಲಿ, ಬದುಕೋಕೆ ಆಗುವಷ್ಟು ತಿಂಗಳ ಸಂಬಳ ಕೊಡಲಿ. ಹೊರಗೆ ಮನೆ ಮಾಡಿಕೊಳ್ಳೋಕೆ ಬಿಡಲಿ. ಇಪ್ಪತ್ತು ವರ್ಷ ದಾಟಿದವರನ್ನು ಹೊಸ ಹುಡುಗರ ತರಬೇತಿಗೆ ಸಂಘವೇ ಕೆಲಸಕ್ಕೆ ತಗೊಳ್ಳಲಿ.