ಕರಡಿ ಸಿನಿಮಾಗಳಿಂದ ಕರಡಿಗೆ ಒಳ್ಳೆಯದಾಗಿದೆಯೇ?

ಕಾಡಿನ ಕರಡಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ. ಪರದೆ ಮೇಲೆ ಕಾಣದವರು ಯಾರೂ ಇಲ್ಲ. ಕರಡಿ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಮುಖ, ನಡಿಗೆ, ಅಬ್ಬರ ಎಲ್ಲ ಹೆಚ್ಚುಕಡಿಮೆ ಸಿನಿಮಾದಿಂದಲೇ ಬಂದದ್ದು. ಹಾಗಾದರೆ ಮನುಷ್ಯ ಮತ್ತು ಕರಡಿ ಎದುರುಬದುರಾಗುವ ಈ ಸಿನಿಮಾಗಳು ಕಾಡಿನಲ್ಲಿರುವ ನಿಜವಾದ ಕರಡಿಗೆ ಉಪಕಾರ ಮಾಡಿವೆಯೋ, ಅಪಕಾರ ಮಾಡಿವೆಯೋ? ಎರಡೂ ಕಡೆಯ ಮಾತನ್ನು ಕೆಳಗೆ ಬರೆದಿದ್ದೇನೆ. ಎರಡನ್ನೂ ನಂಬಿಯೇ ಬರೆದಿದ್ದೇನೆ. ಆದರೂ ನನ್ನ ಮನಸ್ಸು ಒಂದು ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತದೆ. ಯಾವ ಕಡೆ ಎನ್ನುವುದು ಓದುತ್ತಾ ಗೊತ್ತಾಗುತ್ತದೆ.

ಪರ: ಕಾಣದ ಜೀವದ ಮೇಲೆ ಕನಿಕರ ಹುಟ್ಟುವುದಿಲ್ಲ

1988ರ 'ದಿ ಬೇರ್' ಸಿನಿಮಾದಲ್ಲಿ ಒಂದು ದೃಶ್ಯ ಇದೆ. ಬೇಟೆಗಾರನೊಬ್ಬನ ಕೈಯಲ್ಲಿ ಬಂದೂಕಿಲ್ಲ. ಹಿಂದೆ ಬಂಡೆ. ಮುಂದೆ ಕರಡಿ. ಇದೇ ಕರಡಿಗೆ ಅವನೂ ಅವನ ಜೊತೆಗಾರನೂ ಹಿಂದೆ ಗುಂಡು ಹೊಡೆದು ಗಾಯ ಮಾಡಿದ್ದಾರೆ. ಕರಡಿ ಅಬ್ಬರಿಸುತ್ತದೆ. ಅವನು ಹೆದರಿ ಮುದುಡಿಕೊಳ್ಳುತ್ತಾನೆ. ಒಂದೇ ಏಟು ಸಾಕು, ಅವನ ಕಥೆ ಮುಗಿಯುತ್ತದೆ. ಆದರೆ ಆ ಏಟು ಬೀಳುವುದಿಲ್ಲ. ಕರಡಿ ತಿರುಗಿ ನಡೆದುಬಿಡುತ್ತದೆ. ಆಮೇಲೆ ಬಂದೂಕು ಮತ್ತೆ ಕೈಗೆ ಬಂದು, ಕರಡಿ ಎದುರಿಗೇ ಸಿಕ್ಕಾಗ, ಅವನೂ ಹೊಡೆಯುವುದಿಲ್ಲ. ಜೊತೆಗಾರನನ್ನೂ ತಡೆಯುತ್ತಾನೆ.

ಈ ದೃಶ್ಯ ನೋಡಿದ ಮೇಲೆ ಬೇಟೆಯನ್ನು ಹಿಂದಿನ ಕಣ್ಣಿನಿಂದ ನೋಡುವುದು ಕಷ್ಟ. ಇದರಲ್ಲಿ ಮಾತು ತೀರಾ ಕಡಿಮೆ. ಕಥೆ ನಡೆಯುವುದು 1885ರ ಕೆನಡಾದಲ್ಲಿ, ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ. ಮೊದಲಲ್ಲೇ ಪುಟ್ಟ ಕರಡಿಮರಿಯೊಂದರ ತಾಯಿ ಜೇನಿಗಾಗಿ ನೆಲ ಕೆದಕುವಾಗ ಮೇಲಿನಿಂದ ಕಲ್ಲು ಉರುಳಿ ಸಾಯುತ್ತದೆ. ಅಲ್ಲಿಂದ ಮುಂದೆ ನಾವು ಲೋಕವನ್ನು ಮರಿಯ ಎತ್ತರದಿಂದ ನೋಡುತ್ತೇವೆ. ಮನುಷ್ಯರು ನಮ್ಮವರಾಗಿ ಬರುವುದೇ ಇಲ್ಲ. ಹೊಗೆಯಾಗಿ, ಸದ್ದಾಗಿ, ನಾಯಿಗಳ ಬೊಗಳಾಗಿ, ನೋವಾಗಿ ಬರುತ್ತಾರೆ. ಒಂದೂವರೆ ಗಂಟೆ ಕರಡಿಯಾಗಿ ಕೂರಿಸುವ ಕೆಲಸವನ್ನು ಯಾವ ಭಾಷಣ ಮಾಡೀತು? ಇದರ ಮೂಲ ಕಾದಂಬರಿಯನ್ನು 1916ರಲ್ಲಿ ಬರೆದ ಜೇಮ್ಸ್ ಆಲಿವರ್ ಕರ್ವುಡ್ ತಾವೇ ಬೇಟೆಗಾರರಾಗಿದ್ದವರು. ಆಮೇಲೆ ಕಾಡುಪ್ರಾಣಿಗಳನ್ನು ಉಳಿಸುವ ಕಡೆಗೆ ತಿರುಗಿದರು.

ದೊಡ್ಡ ಕರಡಿಯ ಪಾತ್ರ ಮಾಡಿದ್ದು ಬಾರ್ಟ್ ಎಂಬ ಕೊಡಿಯಾಕ್ ಕರಡಿ, ಎಂದರೆ ಅಲಾಸ್ಕಾ ಕಡೆಯ ದೊಡ್ಡ ಕಂದು ಕರಡಿ. ಅದು 1977ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೃಗಾಲಯದಲ್ಲಿ ಹುಟ್ಟಿತ್ತು. ಮರಿಯಾಗಿದ್ದಾಗಿನಿಂದ ಸಾಕಿ ಕಲಿಸಿದವರು ಯೂಟಾ ರಾಜ್ಯದ ಡಗ್ ಮತ್ತು ಲಿನ್ ಸ್ಯೂಸ್ ದಂಪತಿ. ಇವರೇ 1990ರಲ್ಲಿ 'ವೈಟಲ್ ಗ್ರೌಂಡ್' ಎಂಬ ಸಂಸ್ಥೆ ಕಟ್ಟಿದರು. ಅದರ ಕೆಲಸ ಗ್ರಿಜ್ಲಿಗೆ, ಎಂದರೆ ಉತ್ತರ ಅಮೆರಿಕದ ಕಂದು ಕರಡಿಗೆ, ನೆಲ ಉಳಿಸುವುದು. ಗ್ರಿಜ್ಲಿಗೆ ಓಡಾಡಲು ತುಂಬಾ ಜಾಗ ಬೇಕು. ಎತ್ತರದ ಬೆಟ್ಟಗಳು ರಕ್ಷಿತ ಕಾಡಾಗಿದ್ದರೂ, ಒಂದು ಬೆಟ್ಟದಿಂದ ಇನ್ನೊಂದಕ್ಕೆ ದಾಟುವ ಕಣಿವೆ ಎಷ್ಟೋ ಸಲ ಖಾಸಗಿಯವರದ್ದು. ಅಲ್ಲಿ ಮನೆಗಳು ಎದ್ದರೆ ದಾರಿ ಮುಚ್ಚಿತು. ಅಂಥ ತುಂಡುಗಳನ್ನು ಕೊಳ್ಳುವುದು, ಇಲ್ಲವೇ ಅಲ್ಲಿ ಕಟ್ಟಡ ಏಳದಂತೆ ಒಡೆಯರ ಜೊತೆ ಒಪ್ಪಂದ ಮಾಡಿಕೊಳ್ಳುವುದು ಈ ಸಂಸ್ಥೆಯ ದಾರಿ. ಬಾರ್ಟ್ 2000ದಲ್ಲಿ ಸತ್ತಿತು, ಅದರ ಹೆಸರಿನಲ್ಲಿ ಶುರುವಾದ ಕೆಲಸ ನಿಲ್ಲಲಿಲ್ಲ. ಸಿನಿಮಾದಿಂದ ಕರಡಿಗೆ ಏನು ಸಿಕ್ಕಿತು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ನೆಲವನ್ನು.

ಹೆದರಿಸುವ ಸಿನಿಮಾಗಳ ಮಾತೇನು ಎನ್ನಬಹುದು. 2015ರ 'ದಿ ರೆವೆನಂಟ್' ನೋಡಿ. 1823ರಲ್ಲಿ ಗ್ರಿಜ್ಲಿಯ ಕೈಗೆ ಸಿಕ್ಕಿ ಬದುಕಿ ಬಂದ ಹ್ಯೂ ಗ್ಲಾಸ್‌ನ ಕಥೆ ಅದು. ಆ ದಾಳಿಯನ್ನು ಕಣ್ಣು ಬಿಟ್ಟು ನೋಡುವುದೇ ಕಷ್ಟ. ಆದರೂ ಆ ಕರಡಿಯನ್ನು ಸಿನಿಮಾ ದೆವ್ವ ಮಾಡಿಲ್ಲ. ಅದು ತಾಯಿ, ಹತ್ತಿರದಲ್ಲೇ ಮರಿಗಳಿವೆ. ಮೇಲೆ ಬಿದ್ದು ಹೊಡೆಯುತ್ತದೆ, ಅವನು ಅಲುಗಾಡದಿದ್ದಾಗ ಬಿಟ್ಟು ಸರಿಯುತ್ತದೆ, ಅವನು ಬಂದೂಕು ಎತ್ತಿದಾಗ ಮತ್ತೆ ಬರುತ್ತದೆ. ಮರಿಗಳಿರುವ ತಾಯಿ ಹೀಗೇ ನಡೆದುಕೊಳ್ಳುತ್ತದೆ. ಅದಕ್ಕೆ ತಿನ್ನುವುದು ಬೇಕಿಲ್ಲ, ಅಪಾಯ ತೊಲಗಬೇಕು ಅಷ್ಟೇ. ಇಷ್ಟನ್ನೂ ಒಂದು ನಿಜವಾದ ಕರಡಿಯನ್ನೂ ಕಟ್ಟಿಹಾಕದೆ ತೆಗೆದರು. ನೀಲಿ ಉಡುಪು ತೊಟ್ಟ ಸ್ಟಂಟ್ ಕಲಾವಿದ, ಮಿಕ್ಕಿದ್ದು ಕಂಪ್ಯೂಟರ್.

ಇನ್ನು 2005ರ 'ಗ್ರಿಜ್ಲಿ ಮ್ಯಾನ್'. ಅಲಾಸ್ಕಾದ ಕಟ್ಮಾಯ್ ಕಾಡಿನಲ್ಲಿ 13 ಬೇಸಿಗೆ ಕರಡಿಗಳ ನಡುವೆ ಕಳೆದ ಟಿಮೊಥಿ ಟ್ರೆಡ್‌ವೆಲ್, 2003ರ ಅಕ್ಟೋಬರ್‌ನಲ್ಲಿ ಗೆಳತಿಯ ಜೊತೆ ಕರಡಿಯ ಬಾಯಿಗೆ ಸಿಕ್ಕಿ ಸತ್ತರು. ಅವರೇ ತೆಗೆದ ನೂರು ಗಂಟೆಗೂ ಮೀರಿದ ವಿಡಿಯೊ ಇಟ್ಟುಕೊಂಡು ವರ್ನರ್ ಹರ್ಝೋಗ್ ಈ ಸಾಕ್ಷ್ಯಚಿತ್ರ ಮಾಡಿದರು. ಕೊನೆಯ ಹೊತ್ತಿನ ಸದ್ದು ಟೇಪಿನಲ್ಲಿ ಉಳಿದಿತ್ತು. ಹರ್ಝೋಗ್ ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ನಮಗೆ ಕೇಳಿಸುವುದಿಲ್ಲ. ಟೇಪ್ ಇಟ್ಟುಕೊಂಡಿದ್ದ ಹೆಂಗಸಿಗೆ, ಇದನ್ನು ಎಂದೂ ಕೇಳಬೇಡಿ, ನಾಶ ಮಾಡಿ ಎನ್ನುತ್ತಾರೆ. ಇಡೀ ಸಿನಿಮಾ ಹೀಗೆಯೇ ಇದೆ. ಟ್ರೆಡ್‌ವೆಲ್ ಅವರ ಪ್ರೀತಿಯನ್ನು ಗೇಲಿ ಮಾಡುವುದಿಲ್ಲ, ಅವರ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಕರಡಿಗಳ ಮುಖದಲ್ಲಿ ತನಗೆ ಯಾವ ನಂಟೂ ಕಾಣುವುದಿಲ್ಲ ಎಂದು ನಿರ್ದೇಶಕರೇ ಹೇಳುತ್ತಾರೆ. ಕರಡಿಯನ್ನು ಪ್ರೀತಿಸುವುದೂ ಅದರ ಗೆಳೆಯನಾಗುವುದೂ ಬೇರೆ ಬೇರೆ ಎಂದು ನಾನು ಕಲಿತದ್ದು ಈ ಸಿನಿಮಾದಿಂದ. ಯಾವ ಕಾಡಿನ ಬೋರ್ಡೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ವಿರೋಧ: ಪರದೆ ಮೇಲಿರುವುದು ಎರಡೇ ಕರಡಿ

1985ರಲ್ಲಿ ಕಳ್ಳಸಾಗಣೆ ವಿಮಾನವೊಂದರಿಂದ ಕೊಕೇನ್ ಚೀಲಗಳನ್ನು ಕೆಳಗೆ ಎಸೆದಿದ್ದರು. ಅಮೆರಿಕದ ಜಾರ್ಜಿಯಾ ಕಾಡಿನಲ್ಲಿ ಒಂದು ಕಪ್ಪು ಕರಡಿ ಅದನ್ನು ತಿಂದು ಸತ್ತಿತು. ಅದು ಯಾರನ್ನೂ ಮುಟ್ಟಲಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ಮನುಷ್ಯರು ಬಿಸಾಡಿದ ವಿಷ ತಿಂದು ಒಂಟಿಯಾಗಿ ಸತ್ತಿತು. 2023ರಲ್ಲಿ ಈ ಘಟನೆಯ ಮೇಲೆ 'ಕೊಕೇನ್ ಬೇರ್' ಬಂತು. ಅದರಲ್ಲಿ ಕರಡಿ ಸಾಲಾಗಿ ಜನರನ್ನು ಸೀಳುತ್ತದೆ. ನೋಡುವವರು ನಗಬೇಕು. ಸತ್ತ ಕರಡಿಯ ಮೇಲೆ ಕೊಲೆಯ ಅಪವಾದ ಹೊರಿಸಿದ್ದೇವೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಇದು ಒಂದು ಸಿನಿಮಾದ ತಪ್ಪಲ್ಲ. ಪರದೆ ಮೇಲೆ ಇರುವುದು ಎರಡೇ ಬಗೆಯ ಕರಡಿ: ಒಂದು ರಾಕ್ಷಸ, ಇನ್ನೊಂದು ಗೆಳೆಯ.

ರಾಕ್ಷಸನ ಕಥೆ ಎಲ್ಲರಿಗೂ ಗೊತ್ತು. ಕ್ಯಾಂಪ್ ನಡೆಯುತ್ತಿರುತ್ತದೆ, ನಗು ಹಾಡು ಇರುತ್ತದೆ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಕರಡಿ ನುಗ್ಗುತ್ತದೆ. ಅದರ ಮನೆಯೊಳಗೆ ಡೇರೆ ಹಾಕಿದವರು ನಾವು ಎನ್ನುವುದು ಯಾರಿಗೂ ನೆನಪಾಗುವುದಿಲ್ಲ. 1975ರಲ್ಲಿ ಹೆದರಿಸುವ ಶಾರ್ಕ್ ಸಿನಿಮಾ 'ಜಾಸ್' ಗೆದ್ದಿತು. ಮರುವರ್ಷವೇ 'ಗ್ರಿಜ್ಲಿ' ಎಂಬ ನರಭಕ್ಷಕ ಕರಡಿಯ ಸಿನಿಮಾ ಬಂತು. ಅದೇ 1975ರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅಲಾಸ್ಕಾ ಬಿಟ್ಟು ಅಮೆರಿಕದ ಮುಖ್ಯ ನೆಲದಲ್ಲಿ ಗ್ರಿಜ್ಲಿಗಳು ಸಾವಿರಕ್ಕಿಂತ ಕೆಳಗಿಳಿದು, ಸರಕಾರ ಅವನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. ಕರಡಿ ಅಳಿಯುತ್ತಿದ್ದ ಹೊತ್ತಿನಲ್ಲಿ ಜನ ಟಿಕೆಟ್ ಕೊಂಡು ಅದಕ್ಕೆ ಹೆದರುವುದನ್ನು ಕಲಿತರು. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ವರ್ಷಗಟ್ಟಲೆ ಶಾರ್ಕ್‌ಗಳನ್ನು ಉಳಿಸಲು ದುಡಿದರು. ಕರಡಿಗೆ ಆ ಅದೃಷ್ಟವೂ ಇರಲಿಲ್ಲ.

ಆದರೆ ನನಗೆ ಜಾಸ್ತಿ ಭಯ ಇರುವುದು ಎರಡನೆಯ ಕರಡಿಯ ಬಗ್ಗೆ. ಗೆಳೆಯ ಕರಡಿ. ಕಾರ್ಟೂನುಗಳಲ್ಲಿ ಕುಣಿಯುವುದು, ಟೋಪಿ ಹಾಕಿಕೊಂಡು ಊಟಕ್ಕೆ ಕೂರುವುದು. ಚಿಕ್ಕ ಮಕ್ಕಳಿಗೆ ಅದು ಇರಲಿ ಬಿಡಿ. ದೊಡ್ಡವರ ಸಿನಿಮಾಗಳೂ ಅದನ್ನೇ ಮೆಲ್ಲಗೆ ಹೇಳುತ್ತವೆ. 'ದಿ ಬೇರ್' ನನಗೂ ಇಷ್ಟ, ಆದರೆ ಅದರ ನಡುಗಂಬವೇ ಸುಳ್ಳು. ಅದರಲ್ಲಿ ದೊಡ್ಡ ಗಂಡು ಕರಡಿ ತಾಯಿ ಇಲ್ಲದ ಮರಿಯನ್ನು ಸಾಕಿಕೊಳ್ಳುತ್ತದೆ. ಕಾಡಿನಲ್ಲಿ ಗಂಡು ಕರಡಿ ಮರಿಯನ್ನು ಕೊಲ್ಲುವುದುಂಟು. ತಾಯಿ ಕರಡಿಗಳು ಗಂಡುಗಳಿಂದ ದೂರ ಇರುವುದು ಅದಕ್ಕೇ. ಇನ್ನೊಂದು, ಕರಡಿ ಹಿಂಗಾಲ ಮೇಲೆ ಎದ್ದು ನಿಂತರೆ ಸಿನಿಮಾದಲ್ಲಿ ಅದು ದಾಳಿಯ ಗುರುತು. ನಿಜವಾಗಿ ಅದು ಎದ್ದು ನಿಲ್ಲುವುದು ಹೆಚ್ಚಾಗಿ ನೋಡಲು, ಗಾಳಿಯಲ್ಲಿ ವಾಸನೆ ಹಿಡಿಯಲು. ಸಿಟ್ಟು ಬಂದ ಕರಡಿ ಬುಸುಗುಡುತ್ತದೆ, ದವಡೆ ಟಕಟಕ ಬಡಿಯುತ್ತದೆ. ಈ ಸದ್ದು ಎಷ್ಟು ಜನರಿಗೆ ಗೊತ್ತು? ನಮಗೆ ಗೊತ್ತಿರುವುದು ಸ್ಟುಡಿಯೊದಲ್ಲಿ ಸೇರಿಸಿದ ಗರ್ಜನೆ. ಸತ್ತಂತೆ ಬಿದ್ದುಕೊಂಡರೆ ಕರಡಿ ಮೂಸಿ ಹೋಗುತ್ತದೆ ಎಂಬ ಇಬ್ಬರು ಗೆಳೆಯರ ಕಥೆ ಎಲ್ಲರಿಗೂ ಗೊತ್ತು. ಕಂದು ಕರಡಿ ತನ್ನ ರಕ್ಷಣೆಗೆ ಮೇಲೆ ಬಿದ್ದಾಗ ಬೋರಲು ಮಲಗಿ ಕತ್ತು ಮುಚ್ಚಿಕೊಳ್ಳಿ ಎಂದೇ ಉತ್ತರ ಅಮೆರಿಕದ ಅರಣ್ಯ ಸಿಬ್ಬಂದಿ ಹೇಳುತ್ತಾರೆ. ಅಲ್ಲಿನ ಕಪ್ಪು ಕರಡಿ ದಾಳಿ ಮಾಡಿದರೆ ಮಾತ್ರ ಮಲಗಬೇಡಿ, ತಿರುಗಿ ಹೊಡೆಯಿರಿ ಎನ್ನುತ್ತಾರೆ. ಪ್ರಾಣ ಉಳಿಸುವ ಈ ವ್ಯತ್ಯಾಸವನ್ನು ಯಾವ ಸಿನಿಮಾ ಕಲಿಸಿದೆ?

ಕರಡಿಯನ್ನು ಹತ್ತಿರದಿಂದ ನೋಡುವ ಆಸೆಗೆ ಏನು ಬೆಲೆ ತೆರಬೇಕಾಯಿತು ಎನ್ನುವುದಕ್ಕೆ ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನವೇ ಸಾಕ್ಷಿ. ಅಲ್ಲಿನ ಒಂದು ಬೆಟ್ಟದ ತಂಗುದಾಣದ ಹಿಂದೆ ಉಳಿದ ಊಟ ಸುರಿಯುತ್ತಿದ್ದರು. ಸಂಜೆ ಗ್ರಿಜ್ಲಿಗಳು ಬರುತ್ತಿದ್ದವು, ಅತಿಥಿಗಳು ಪ್ರದರ್ಶನದಂತೆ ನಿಂತು ನೋಡುತ್ತಿದ್ದರು. 1967ರ ಆಗಸ್ಟ್‌ನ ಒಂದೇ ರಾತ್ರಿ, ಮೈಲಿಗಟ್ಟಲೆ ದೂರದ ಎರಡು ಜಾಗಗಳಲ್ಲಿ, ಎರಡು ಬೇರೆ ಕರಡಿಗಳು ಇಬ್ಬರು ಯುವತಿಯರನ್ನು ಕೊಂದವು. 1910ರಲ್ಲಿ ಶುರುವಾದ ಆ ಉದ್ಯಾನದಲ್ಲಿ ಕರಡಿಯಿಂದ ಆದ ಮೊದಲ ಸಾವುಗಳು ಅವು. ಆಮೇಲೆ ಕರಡಿಗಳನ್ನೂ ಗುಂಡಿಟ್ಟು ಕೊಂದರು. ಕಸ, ಊಟದ ನಿಯಮಗಳು ಬಿಗಿಯಾದದ್ದು ಇದರ ನಂತರವೇ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಸತ್ತ ಕರಡಿಯೇ ಎಂದು ಅಲ್ಲಿನವರು ಈಗಲೂ ಹೇಳುತ್ತಾರೆ. ಆ ತಂಗುದಾಣದ ಅತಿಥಿಗಳು ಕೆಟ್ಟವರಲ್ಲ. ಅವರಿಗೆ ಕರಡಿ ಇಷ್ಟವಾಗಿತ್ತು. ಹತ್ತಿರದಿಂದ ಬೇಕಿತ್ತು. ಸಿನಿಮಾ ದಿನವೂ ಬೆಳೆಸುತ್ತಿರುವುದು ಇದೇ ಆಸೆಯನ್ನು, ಅಲ್ವಾ?

ಟ್ರೆಡ್‌ವೆಲ್ ಅವರ ಮಾತಿಗೂ ಬರುತ್ತೇನೆ. 'ಗ್ರಿಜ್ಲಿ ಮ್ಯಾನ್' ಒಳ್ಳೆಯ ಸಿನಿಮಾ, ಒಪ್ಪುತ್ತೇನೆ. ಆದರೆ ಟ್ರೆಡ್‌ವೆಲ್ ಕರಡಿಗಳಿಗೆ ಹೆಸರಿಟ್ಟದ್ದು, ಮುಟ್ಟಿದ್ದು, ಕ್ಯಾಮೆರಾ ಮುಂದೆ ನಿಂತು ಮತ್ತೆ ಮತ್ತೆ ಟೇಕ್ ತೆಗೆದದ್ದು ಯಾತಕ್ಕೆ? ಅವರೂ ಒಂದು ಸಿನಿಮಾ ಮಾಡುತ್ತಿದ್ದರು. ಗೆಳೆಯ ಕರಡಿಯ ಸಿನಿಮಾ. ಅದುವರೆಗೆ ಕಟ್ಮಾಯ್‌ನಲ್ಲಿ ಕರಡಿಯಿಂದ ಒಬ್ಬರೂ ಸತ್ತ ದಾಖಲೆ ಇರಲಿಲ್ಲ. ಇಬ್ಬರು ಮನುಷ್ಯರು ಹೋದರು. ಅವರನ್ನು ಹುಡುಕಿ ಬಂದ ಸಿಬ್ಬಂದಿ ಎರಡು ಕರಡಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಅವುಗಳ ಪಾಲಿಗೆ ಆ ಕ್ಯಾಮೆರಾ ಬಾರದಿದ್ದರೇ ಚೆನ್ನಾಗಿತ್ತು.

ಸಾಕಿದ ಕರಡಿಗಳ ಮಾತೂ ಬೇರೆ ಅಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಹಾಸ್ಯ ಸಿನಿಮಾವೊಂದರಲ್ಲಿ ಕುಸ್ತಿ ಆಡಿದ್ದ ಪಳಗಿದ ಗ್ರಿಜ್ಲಿ ತರಬೇತುದಾರನ ಕತ್ತು ಕಚ್ಚಿತು. ಅವರು ಉಳಿಯಲಿಲ್ಲ. ಬಾರ್ಟ್‌ನ ಹೆಸರಿನಲ್ಲಿ ನೆಲ ಉಳಿದದ್ದು ದೊಡ್ಡದು, ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ಬಾರ್ಟ್ ಆ ನೆಲದ ಮೇಲೆ ಒಂದು ದಿನವೂ ಕಾಡು ಕರಡಿಯಾಗಿ ನಡೆಯಲಿಲ್ಲ.

ಸಾಕ್ಷ್ಯಚಿತ್ರ ಎಂದರೆ ನಿಜ ಎಂದು ನಂಬುವವರಿಗೂ ಒಂದು ಮಾತು. 1958ರ ಡಿಸ್ನಿ ಚಿತ್ರ 'ವೈಟ್ ವೈಲ್ಡರ್‌ನೆಸ್'ನಲ್ಲಿ ಹಿಮಕರಡಿಯ ಮರಿ ಹಿಮದ ಇಳಿಜಾರಿನಲ್ಲಿ ಉರುಳುತ್ತದೆ. ಅದನ್ನು ತೆಗೆದದ್ದು ಸ್ಟುಡಿಯೊದಲ್ಲಿ.

ನನ್ನ ದೊಡ್ಡ ತಕರಾರು ಬೇರೆ. ಮನುಷ್ಯ ಮತ್ತು ಕರಡಿಯ ನಿಜವಾದ ಭೇಟಿಯಲ್ಲಿ ಹೆಚ್ಚಾಗಿ ಏನೂ ಆಗುವುದಿಲ್ಲ. ಕರಡಿಗೆ ನಮ್ಮ ವಾಸನೆ ಮೊದಲೇ ಸಿಗುತ್ತದೆ, ಅದು ಸುಮ್ನೆ ದಾರಿ ಬಿಟ್ಟು ಸರಿಯುತ್ತದೆ. ಎಷ್ಟೋ ಸಲ ಅದು ಅಲ್ಲಿತ್ತು ಎನ್ನುವುದೇ ನಮಗೆ ತಿಳಿಯುವುದಿಲ್ಲ. ಇದರಲ್ಲಿ ಕಥೆ ಇಲ್ಲ, ಹಾಗಾಗಿ ಇದನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಕಟ್ಮಾಯ್‌ನ ಬ್ರೂಕ್ಸ್ ಜಲಪಾತದ ಬಳಿ ಇಟ್ಟ ನೇರಪ್ರಸಾರದ ಕ್ಯಾಮೆರಾಗಳನ್ನು ನಾನು ಇದಕ್ಕೇ ಇಷ್ಟಪಡುತ್ತೇನೆ. ಅಲ್ಲಿ ಸಂಗೀತ ಇಲ್ಲ, ನಾಯಕ ಇಲ್ಲ. ಕರಡಿ ನೀರಿನಲ್ಲಿ ನಿಂತಿರುತ್ತದೆ. ಸಾಲ್ಮನ್ ಮೀನು ಹಾರುತ್ತದೆ, ತಪ್ಪಿಹೋಗುತ್ತದೆ. ಕರಡಿ ಮತ್ತೆ ಕಾಯುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಂದು ಸಲವೂ ಅದು ಕ್ಯಾಮೆರಾ ಕಡೆ ನೋಡುವುದಿಲ್ಲ.