ಕೊಡೋದಿದ್ದರೆ ಎರಡು ವರ್ಷ ಮೊದಲೇ ಕೊಡಬೇಕಿತ್ತು

ಇವತ್ತು ಸಂಜೆ ಪ್ಯಾಂಟ್ ಗಿಡ್ಡ ಮಾಡಿಸೋಕೆ ಮನೆ ಹತ್ತಿರದ ಟೈಲರ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬರು ನಿಂತಿದ್ದರು, ಜೊತೆಗೆ ಹತ್ತು ವರ್ಷದ ಮಗ. ಕೌಂಟರ್ ಮೇಲೆ ಟೊರಾಂಟೊದ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್‌ನ ನೀಲಿ ಜೆರ್ಸಿ ಬೋರಲು ಹಾಕಿತ್ತು. ಅಂಗಡಿಯ ಹೆಂಗಸು ಸಣ್ಣ ಬ್ಲೇಡ್ ಹಿಡಿದು ಬೆನ್ನ ಮೇಲಿನ ಹೆಸರಿನ ಹೊಲಿಗೆ ಬಿಚ್ಚುತ್ತಿದ್ದರು. ಒಂದೊಂದೇ ಅಕ್ಷರ. ಅಕ್ಷರ ಎದ್ದ ಜಾಗದಲ್ಲಿ ಬಟ್ಟೆ ಹೊಸದರ ಹಾಗೆ ಕಡು ನೀಲಿ, ಸುತ್ತಲೂ ಒಗೆದು ಒಗೆದು ಮಾಸಿದ ನೀಲಿ. ಪೂರ್ತಿ ಕಿತ್ತ ಮೇಲೂ ಮಾರ್ನರ್ ಅಂತ ಸ್ಪಷ್ಟವಾಗಿ ಓದಬಹುದಿತ್ತು. ಹುಡುಗ ಒಂದು ಮಾತೂ ಆಡಲಿಲ್ಲ. ಬಿದ್ದ ಅಕ್ಷರಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ.

ಮನೆಗೆ ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಬರೆಯದೆ ಇರೋಕೆ ಆಗಲಿಲ್ಲ.

ಐಸ್ ಹಾಕಿ ನೋಡದ ಗೆಳೆಯರಿಗೆ ಎರಡೇ ಮಾತು. ಮಿಚ್ ಮಾರ್ನರ್ ನಮ್ಮ ಟೊರಾಂಟೊ ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದ ಹುಡುಗ. 2015ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ನಾಲ್ಕನೆಯವನಾಗಿ ಲೀಫ್ಸ್‌ಗೆ ಬಂದ. ಒಂಬತ್ತು ಸೀಸನ್ ಆಡಿದ. 2024-25ರ ಸೀಸನ್‌ನಲ್ಲಿ 102 ಪಾಯಿಂಟ್, ಅಂದರೆ ಗೋಲ್ ಮತ್ತು ಗೋಲ್‌ಗೆ ಕೊಟ್ಟ ನೆರವು ಎರಡೂ ಸೇರಿ. 2025ರ ಬೇಸಿಗೆಯಲ್ಲಿ ಎಂಟು ವರ್ಷಕ್ಕೆ ಲಾಸ್ ವೇಗಸ್ ತಂಡ ಸೇರಿದ, ವರ್ಷಕ್ಕೆ 1.2 ಕೋಟಿ ಡಾಲರ್. ಬದಲಿಗೆ ನಮಗೆ ಸಿಕ್ಕಿದ್ದು ನಿಕೊಲಾ ರುವಾ ಒಬ್ಬನೇ. ಒಳ್ಳೆ ಆಟಗಾರ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೂರನೇ ಸಾಲಿನ ಸೆಂಟರ್, ಅಂದರೆ ತಂಡದ ಮುಖ್ಯ ಎರಡು ಸಾಲುಗಳ ನಂತರ ಆಡುವವನು. 102 ಪಾಯಿಂಟ್‌ನ ಮನುಷ್ಯ ಹೋದಾಗ ತಂಡಕ್ಕೆ ಬರಬೇಕಿದ್ದದ್ದು ಇಷ್ಟೇನಾ?

ಮಾರ್ನರ್ ಹೋದ ಅಂತ ನಾನು ಕೂಗುತ್ತಿಲ್ಲ. ಹೋಗಲಿ. ಬಹುಶಃ ಹೋಗಲೇಬೇಕಿತ್ತು. ಆ 2024-25ರ ಸೀಸನ್‌ನಲ್ಲಿ ತಂಡದ ಸಂಬಳದ ಮಿತಿ 8.8 ಕೋಟಿ ಡಾಲರ್. ಮ್ಯಾಥ್ಯೂಸ್, ನೀಲಾಂಡರ್, ಟವಾರಿಸ್, ಮಾರ್ನರ್, ಈ ನಾಲ್ವರಿಗೇ ಅರ್ಧಕ್ಕಿಂತ ಜಾಸ್ತಿ. ಒಂಬತ್ತು ವರ್ಷದಲ್ಲಿ ಗೆದ್ದ ಪ್ಲೇಆಫ್ ಸರಣಿ ಎರಡೇ ಎರಡು: 2023ರಲ್ಲಿ ಟ್ಯಾಂಪಾ ಮೇಲೆ, 2025ರಲ್ಲಿ ಒಟ್ಟಾವಾ ಮೇಲೆ. ಬದಲಾವಣೆ ಬೇಕು ಅಂತ ಇಡೀ ಊರಿಗೆ ಗೊತ್ತಿತ್ತು. ನನ್ನ ಸಂಕಟ ಒಂದೇ. ಬೇರೆ ತಂಡಕ್ಕೆ ಕೊಡೋದಿದ್ದರೆ ಸಮಯಕ್ಕೆ ಕೊಡಬೇಕಿತ್ತು.

ಆ ಸಮಯ ಯಾವುದು ಅಂದರೆ 2023ರ ಜೂನ್. ಆ ವರ್ಷ ಜುಲೈ 1ರಿಂದ ಮಾರ್ನರ್ ಒಪ್ಪಂದದಲ್ಲಿ ನೋ-ಮೂವ್ ಷರತ್ತು ಶುರುವಾಯಿತು. ಅಂದರೆ ಆಮೇಲೆ ಅವನ ಒಪ್ಪಿಗೆ ಇಲ್ಲದೆ ತಂಡ ಅವನನ್ನು ಎಲ್ಲಿಗೂ ಕಳಿಸುವ ಹಾಗಿಲ್ಲ. ಜೂನ್ 30ರ ತನಕ ಬೀಗದ ಕೈ ತಂಡದ ಹತ್ತಿರ ಇತ್ತು. ಮಾರನೇ ದಿನ ಅವನ ಹತ್ತಿರ ಹೋಯಿತು. ಅದು ಒಪ್ಪಂದದಲ್ಲೇ ಬರೆದಿತ್ತು, ನಾಲ್ಕು ವರ್ಷದಿಂದ ಎಲ್ಲರಿಗೂ ಗೊತ್ತಿತ್ತು!

"ಪಾಪ, ಟ್ರಿಲಿವಿಂಗ್ ಜನರಲ್ ಮ್ಯಾನೇಜರ್ ಆಗಿ ಬಂದಿದ್ದೇ ಆ ಮೇ 31ಕ್ಕೆ, ಒಂದು ತಿಂಗಳಲ್ಲಿ ಏನು ಮಾಡೋಕಾಗುತ್ತೆ?" ಅಂತ ನಮ್ಮ ಗುಂಪಿನಲ್ಲಿ ಕೆಲವರು ಕೇಳುತ್ತಾರೆ. ಸರಿ, ಕೇಳೋಣ. ಹಾಗಾದರೆ ಮೇ 19ಕ್ಕೆ ಹಿಂದಿನ ಜನರಲ್ ಮ್ಯಾನೇಜರ್ ಡೂಬಸ್‌ನನ್ನು ಕಳಿಸಿದ್ದು ಯಾರು? ಮೇಲೆ ಕೂತಿದ್ದ ತಂಡದ ಅಧ್ಯಕ್ಷ ಶಾನಹನ್. ಇಂಥ ದೊಡ್ಡ ದಿನಾಂಕ ಆರು ವಾರದಲ್ಲಿ ಬರುತ್ತಿರುವಾಗ ಮನೆ ಯಜಮಾನನನ್ನೇ ಬದಲಿಸಿ, ಹೊಸಬನಿಗೆ ಟೈಮ್ ಇರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಅದಕ್ಕಿಂತ ಜಾಸ್ತಿ ಬೇಜಾರಾಗೋದು ಇನ್ನೊಂದಕ್ಕೆ. ಟ್ರಿಲಿವಿಂಗ್‌ಗೆ ಈ ನೋವು ಹೊಸದಲ್ಲ. 2022ರ ಜುಲೈನಲ್ಲಿ ಅವರು ಕ್ಯಾಲ್ಗರಿ ತಂಡದ ಜನರಲ್ ಮ್ಯಾನೇಜರ್ ಆಗಿದ್ದರು. ಅಲ್ಲಿನ ಸ್ಟಾರ್ ಜಾನಿ ಗೊಡ್ರೋ ಒಪ್ಪಂದ ಮುಗಿಸಿಕೊಂಡು ಕೊಲಂಬಸ್‌ಗೆ ಹೊರಟು ಹೋದ, ಕ್ಯಾಲ್ಗರಿಗೆ ಏನೂ ಸಿಗಲಿಲ್ಲ. ಅದೇ ತಿಂಗಳು ಮ್ಯಾಥ್ಯೂ ಕಚಕ್ ಕೂಡ ಇಲ್ಲಿ ಉದ್ದದ ಒಪ್ಪಂದ ಬೇಡ ಅಂದ. ಆಗ ಟ್ರಿಲಿವಿಂಗ್ ಕಾಯಲಿಲ್ಲ. ಅವನನ್ನು ಫ್ಲೋರಿಡಾಗೆ ಕೊಟ್ಟು ಹ್ಯೂಬರ್ಡೋ, ವೀಗರ್ ಇಬ್ಬರನ್ನೂ ತಂದರು, ಮೇಲೆ ಡ್ರಾಫ್ಟ್ ಪಿಕ್ ಬೇರೆ. ಸುಮ್ನೆ ಕೂತರೆ ಏನಾಗುತ್ತೆ, ಬೇಗ ಎದ್ದರೆ ಏನಾಗುತ್ತೆ, ಎರಡನ್ನೂ ಒಂದೇ ತಿಂಗಳಲ್ಲಿ ಕಂಡ ಮನುಷ್ಯ ಅವರು. ಅಂಥವರು ಇಲ್ಲಿ ಬಂದು ಎರಡು ಬೇಸಿಗೆ ಕಾದರು.

ಫ್ಲೋರಿಡಾ ಕಡೆ ನೋಡಿ. ಹ್ಯೂಬರ್ಡೋ ಅವರ ಮನೆಮಗ. ಆ ಸೀಸನ್‌ನಲ್ಲೇ 115 ಪಾಯಿಂಟ್ ಮಾಡಿದ್ದ. ತಂಡ ಲೀಗ್‌ನಲ್ಲೇ ಮೊದಲ ಸ್ಥಾನದಲ್ಲಿತ್ತು. ಆದರೂ ಪ್ಲೇಆಫ್‌ಗೆ ಇದು ಸಾಲದು ಅಂತ ತೀರ್ಮಾನ ಮಾಡಿ ಕೊಟ್ಟುಬಿಟ್ಟರು. ಅಲ್ಲಿನ ಮಕ್ಕಳೂ ಅತ್ತಿರಬೇಕು. ಮುಂದಿನ ವರ್ಷ ಫೈನಲ್, 2024ರಲ್ಲಿ ಲೀಗ್‌ನ ಸ್ಟ್ಯಾನ್ಲಿ ಕಪ್, 2025ರ ಜೂನ್‌ನಲ್ಲಿ ಮತ್ತೆ ಕಪ್. ಆ ಬೇಸಿಗೆಯಲ್ಲಿ ತಮ್ಮ ಬೆನೆಟ್, ಎಕ್‌ಬ್ಲಾಡ್, ಮಾರ್ಶಾಂಡ್ ಮೂವರನ್ನೂ, ಒಪ್ಪಂದ ಮುಗಿದು ಬೇರೆ ತಂಡಕ್ಕೆ ಹೋಗಬಹುದಾದ ಜುಲೈ 1ರ ಒಳಗೇ ಉಳಿಸಿಕೊಂಡರು. ಎಲ್ಲ ದಿನಾಂಕ ನೋಡಿಕೊಂಡೇ ಮಾಡುತ್ತಾರೆ.

ನಾವು ಮಾಡಿದ್ದು ಏನು? 2025ರ ಮಾರ್ಚ್‌ನಲ್ಲಿ ಮಾರ್ನರ್‌ನನ್ನು ಕ್ಯಾರೊಲಿನಾಗೆ ಹೋಗ್ತೀಯಾ ಅಂತ ಕೇಳಿದರು, ಬದಲಿಗೆ ಅಲ್ಲಿನ ಸ್ಟಾರ್ ರಾಂಟನೆನ್ ಬರುತ್ತಾನೆ ಅಂತ. ಅವನು ಒಲ್ಲೆ ಅಂದ. ಹೆಂಡತಿ ಗರ್ಭಿಣಿ, ಮೇಲಾಗಿ ಷರತ್ತು ಕೊಟ್ಟವರೇ ತಂಡದವರು. ಅವನ ತಪ್ಪೇನಿದೆ ಹೇಳಿ. ರಾಂಟನೆನ್ ಡಲ್ಲಾಸ್‌ಗೆ ಹೋಗಿ, ಮೇ ತಿಂಗಳ ಗೇಮ್ ಸೆವೆನ್‌ನಲ್ಲಿ (ಸರಣಿ ತೀರ್ಮಾನವಾಗುವ ಏಳನೇ ಪಂದ್ಯ) ಕೊನೆಯ ಪೀರಿಯಡ್‌ನಲ್ಲೇ ಹ್ಯಾಟ್ರಿಕ್ ಹೊಡೆದ. ನಮ್ಮ ಗೇಮ್ ಸೆವೆನ್ ಹದಿನೈದು ದಿನ ಆದಮೇಲೆ. ಫ್ಲೋರಿಡಾ ಎದುರು, ನಮ್ಮದೇ ಊರಿನಲ್ಲಿ, 6-1.

ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಆ ರಾತ್ರಿ ನಾನೂ ಮಾರ್ನರ್‌ಗೆ ಬೈದೆ. ಜೋರಾಗಿ, ಕೆಟ್ಟದಾಗಿ, ಮಗಳು ಪಕ್ಕದಲ್ಲಿರುವಾಗಲೇ. ಅವಳು ಅವನ 16 ನಂಬರ್ ಜೆರ್ಸಿ ಹಾಕಿಕೊಂಡೇ ಕೂತಿದ್ದಳು. ಟಿವಿಯಲ್ಲಿ ಜನ ಜೆರ್ಸಿ ಬಿಚ್ಚಿ ಐಸ್ ಮೇಲೆ ಎಸೆಯುತ್ತಿದ್ದರು. "ಅಪ್ಪಾ, ನಾನೂ ಇದನ್ನ ತೆಗೀಬೇಕಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. 2016ರ ಅಕ್ಟೋಬರ್‌ನಲ್ಲಿ, ಈ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ, ನಾನು ನೋಡಿದ ಮೊದಲ ಹಾಕಿ ಮ್ಯಾಚ್‌ನಲ್ಲೇ ಮ್ಯಾಥ್ಯೂಸ್, ಮಾರ್ನರ್ ಇಬ್ಬರೂ ಮೊದಲ ಸಲ ಆಡಿದ್ದರು. ಮ್ಯಾಥ್ಯೂಸ್ ನಾಲ್ಕು ಗೋಲ್ ಹೊಡೆದರೂ ಒಟ್ಟಾವಾ ಓವರ್‌ಟೈಮ್‌ನಲ್ಲಿ ಗೆದ್ದಿತು. ಹೊಸ ಊರಿನಲ್ಲಿ ಯಾರೂ ಗೊತ್ತಿಲ್ಲದಾಗ ಈ ಹುಡುಗರ ಹೆಸರು ಗೊತ್ತಿತ್ತು. ಆ ಋಣ ದೊಡ್ಡದು. ಹಾಗೆ ಬೈದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ.

2025ರ ಬೇಸಿಗೆಯಲ್ಲಿ ನಮ್ಮ ತಂಡದವರು ಎಲ್ಲ ಕೆಟ್ಟದ್ದೇ ಮಾಡಿದ್ದಾರೆ ಅನ್ನಲ್ಲ. ವರ್ಷಕ್ಕೆ 1.1 ಕೋಟಿ ತಗೊಳ್ಳುತ್ತಿದ್ದ ಟವಾರಿಸ್ ಸುಮಾರು 44 ಲಕ್ಷ ಡಾಲರ್‌ಗೆ ಉಳಿದುಕೊಂಡ, ಅದು ಅವನ ದೊಡ್ಡತನ. ಯುವ ಆಟಗಾರ ಮ್ಯಾಥ್ಯೂ ನೈಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟದ್ದೂ ಸರಿ. ಆದರೆ ಕೈ ಬಿಟ್ಟುಹೋದದ್ದು ಇದರಿಂದ ತುಂಬೋದಿಲ್ಲ.

ಕಾಯಿರಿ, ತಾಳ್ಮೆ ಇರಲಿ ಅಂತ ನನಗೆ ಹೇಳಬೇಡಿ. ಆರ್‌ಸಿಬಿಗೆ 18 ವರ್ಷ ಕಾದವನು ನಾನು. ಲೀಫ್ಸ್ ಕೊನೆಯ ಸಲ ಕಪ್ ಗೆದ್ದದ್ದು 1967ರಲ್ಲಿ, ನಾನು ಹುಟ್ಟೋಕೆ ಎಷ್ಟೋ ಮೊದಲು. ಕಾಯೋಕೆ ನಾನು ತಯಾರು. ಕಾಯುವವರ ಪ್ರೀತಿಗೆ ತಕ್ಕ ಹಾಗೆ ತಂಡದವರು ಕ್ಯಾಲೆಂಡರ್ ನೋಡಬೇಕು, ಅಷ್ಟೇ ಕೇಳೋದು.

ಮ್ಯಾಥ್ಯೂಸ್ ಒಪ್ಪಂದ 2028ಕ್ಕೆ ಮುಗಿಯುತ್ತೆ. 2027ರ ಜುಲೈ 1ರಿಂದ ಹೊಸದಕ್ಕೆ ಸಹಿ ಮಾಡಬಹುದು. ಅಂದು ಅವನು ಉಳಿಯುತ್ತೇನೆ ಅನ್ನಲಿಲ್ಲ ಅಂದರೆ, ಅದೇ ವಾರ ಕೂತು ಮಾತಾಡಿ. ಆ ಟೈಲರ್ ಅಂಗಡಿ ಕೌಂಟರ್ ಮೇಲೆ ನಾನು ಅವನ 34 ನಂಬರ್ ನೋಡೋಕೆ ತಯಾರಿಲ್ಲ.

ಮಗಳ ಜೆರ್ಸಿ ಕಪಾಟಿನಲ್ಲೇ ಇದೆ. ಅಕ್ಟೋಬರ್‌ನಲ್ಲಿ ಅದನ್ನೇ ಹಾಕಿಕೊಳ್ಳುತ್ತಾಳಂತೆ. ಹಾಕಿಕೊಳ್ಳಲಿ.