ಪ್ಲೇಟ್ಲೆಟ್ ಎಷ್ಟದ ಅಂತ ಕೇಳೋದು ಸಾಕು, ರೋಗಿಯ ಮುಖ ನೋಡ್ರಿ

ಮಳೆ ಹಿಡಿದು ಬಿಟ್ಟು ಬಿಸಿಲು ಬಿತ್ತೆಂದರೆ ಕಲಬುರಗಿಯ ಯಾವ ಓಣಿಯಲ್ಲಿ ನಿಂತರೂ ಒಂದೇ ಮಾತು. “ಪ್ಲೇಟ್ಲೆಟ್ ಎಷ್ಟದ?” ಡೆಂಗಿ ಜ್ವರದಲ್ಲಿ ಇಳಿಯುವ, ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳ ಎಣಿಕೆ ಅದು. ನಿನ್ನೆ 80 ಸಾವಿರ ಇತ್ತು, ಇವತ್ತು 52 ಆಗ್ಯಾದ, ಪಪ್ಪಾಯಿ ಎಲಿ ರಸ ಕುಡಿಸ್ರಿ, ಡ್ರ್ಯಾಗನ್ ಫ್ರೂಟ್ ತರ್ರಿ. ನಾನು ಇಲ್ಲಿ ಮೆಡಿಕಲ್ ಅಂಗಡಿ ನಡೆಸುವವನು. ಸೀಸನ್ ಬಂದಾಗ ನನ್ನ ವಾಟ್ಸ್ಯಾಪ್ ತುಂಬ ರಕ್ತ ಪರೀಕ್ಷೆಯ ರಿಪೋರ್ಟ್‌ಗಳ ಫೋಟೊ. ಎಲ್ಲದರಲ್ಲೂ ಆ ಒಂದು ಅಂಕಿಗೆ ಮಾತ್ರ ಪೆನ್ನಿನಿಂದ ಸುತ್ತು ಹಾಕಿರುತ್ತಾರೆ. ಮಗು ಉಚ್ಚಿ ಹೊಯ್ದು ಎಷ್ಟು ಹೊತ್ತಾಯಿತು, ಅಪ್ಪ ಸರಿಯಾಗಿ ಮಾತಾಡ್ತಾನಾ, ಅಮ್ಮನ ನಾಡಿ ಹೇಗಿದೆ ಎಂದು ಯಾರೂ ಬರೆಯುವುದಿಲ್ಲ.

ಡೆಂಗಿ ಬಂದ ಬಹಳಷ್ಟು ಜನ ವಾರ, ಹತ್ತು ದಿನದಲ್ಲಿ ಎದ್ದು ಓಡಾಡುತ್ತಾರೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಈ ಜ್ವರ ಕೆಲವರಲ್ಲಿ ಮೆದುಳಿಗೂ ಹೃದಯಕ್ಕೂ ಕೈ ಹಾಕುತ್ತದೆ ಎನ್ನುವುದು ನಮ್ಮ ಕಡೆ ಮನೆಮನೆಗೆ ಇನ್ನೂ ಮುಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ತೀವ್ರ ಡೆಂಗಿಯ ವ್ಯಾಖ್ಯೆಯೊಳಗೆ ಪ್ರಜ್ಞೆ ಮಸುಕಾಗುವುದು, ಹೃದಯಕ್ಕೆ ಪೆಟ್ಟು ಬೀಳುವುದು ಎರಡನ್ನೂ ಸೇರಿಸಿದೆ. ನಾವು ಮಾತ್ರ ಪ್ಲೇಟ್ಲೆಟ್ ಹಿಡಿದು ಕೂತಿದ್ದೇವೆ.

ಒಳಗೆ ಆಗುವುದು ಇಷ್ಟು. ರಕ್ತನಾಳದ ಒಳಪದರ ಸಡಿಲವಾಗಿ, ರಕ್ತದೊಳಗಿನ ನೀರಿನಂಶ ಹೊರಗೆ ಸೋರುತ್ತದೆ. ಒಳಗೆ ಉಳಿದ ರಕ್ತ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ರಿಪೋರ್ಟಿನಲ್ಲಿ ಹೆಮಟೊಕ್ರಿಟ್ ಅಥವಾ ಪಿಸಿವಿ ಅಂತ ಒಂದು ಸಾಲು ಇರುತ್ತದಲ್ಲ, ಅದು ಏರುವುದು ಇದೇ ಕಾರಣಕ್ಕೆ. ಪ್ಲೇಟ್ಲೆಟ್ ಬೇಗ ಇಳಿಯುತ್ತಾ ಆ ಸಾಲು ಏರುತ್ತಿದ್ದರೆ ಡಾಕ್ಟರು ಎಚ್ಚರವಾಗುತ್ತಾರೆ. ಬಿಪಿ ಇಳಿದರೆ ಮೆದುಳಿಗೆ ರಕ್ತ ಸಾಲುವುದಿಲ್ಲ, ಒಬ್ಬರಲ್ಲಿ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳಬಹುದು, ಇನ್ನೊಬ್ಬರಲ್ಲಿ ನಾಳ ಒಡೆದು ಮೆದುಳೊಳಗೆ ರಕ್ತ ಸುರಿಯಬಹುದು. ಒಂದೇ ಜ್ವರ, ಎರಡು ತದ್ವಿರುದ್ಧ ಪಾರ್ಶ್ವವಾಯು, ಅಂದರೆ ಲಕ್ವಾ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಬಾಯಿ ಸೊಟ್ಟ, ಕೈ ಬಿದ್ದದ್ದು, ಮಾತು ತೊದಲು. ಸಿಟಿ ಸ್ಕ್ಯಾನ್ ಇಲ್ಲದೆ ಯಾವುದೆಂದು ಹೇಳಲಾಗದು, ಮತ್ತು ಒಂದಕ್ಕೆ ಕೊಡುವ ಔಷಧ ಇನ್ನೊಂದರಲ್ಲಿ ಜೀವ ತೆಗೆಯಬಹುದು.

ತೈವಾನಿನಲ್ಲಿ 2000ರಿಂದ 2012ರವರೆಗೆ ಡೆಂಗಿ ಬಂದ 13,787 ಜನರ ದಾಖಲೆ ತೆಗೆದು, ಡೆಂಗಿ ಬಾರದವರ ಜೊತೆ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಡೆಂಗಿಯ ನಂತರದ ಮೊದಲ ಎರಡು ತಿಂಗಳಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಎರಡೂವರೆ ಪಟ್ಟು. ಎರಡು ತಿಂಗಳು! ನಮ್ಮಲ್ಲಿ ಐದನೇ ದಿನಕ್ಕೆ ಜ್ವರ ಬಿಟ್ಟರೆ “ಆರಾಮ ಆತು” ಅಂತ ಹೊಲಕ್ಕೆ, ಡ್ಯೂಟಿಗೆ ಹೋಗಿಬಿಡುತ್ತಾರೆ.

ಜ್ವರ ಬಿಡುವ ಹೊತ್ತೇ ಕಷ್ಟದ ಹೊತ್ತು ಎಂಬುದನ್ನು ನಾನು ಕೌಂಟರಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ಮೂರರಿಂದ ಏಳನೇ ದಿನದೊಳಗೆ ಮೈ ತಣ್ಣಗಾಗುವಾಗಲೇ ಸೋರಿಕೆ ಜಾಸ್ತಿ. ಆಗ ಹೊಟ್ಟೆ ನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಉಚ್ಚಿ ಕಡಿಮೆ, ಕೈಕಾಲು ತಣ್ಣಗೆ, ಸುಮ್ಮನೆ ಮಂಕಾಗಿ ಬಿದ್ದಿರುವುದು ಅಥವಾ ಕಾರಣವಿಲ್ಲದೆ ಚಡಪಡಿಸುವುದು ಕಂಡರೆ ಮರುದಿನದ ರಿಪೋರ್ಟಿಗೆ ಕಾಯಬಾರದು. “ಜ್ವರದಾಗ ಬಡಬಡಸ್ಲಿಕತ್ಯಾನ, ನಿದ್ದಿ ಇಲ್ಲ ಅದಕ್ಕ” ಎಂದು ಮನೆಯವರು ಹಗುರ ಮಾಡುವ ಬಡಬಡಿಕೆಯೇ ಮೆದುಳು ಕೂಗಿ ಹೇಳುವ ಮಾತು.

ಸೇಡಂ ಕಡೆಯ ನನ್ನ ಪರಿಚಯದ ಒಬ್ಬರಿಗೆ ಹೀಗೇ ಆಯಿತು. ಐವತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇತ್ತು. ಪ್ಲೇಟ್ಲೆಟ್ ಏರಿತ್ತು, ಜ್ವರ ಬಿಟ್ಟಿತ್ತು, ಮನೆಗೆ ಬಂದಿದ್ದರು. ಬೆಳಿಗ್ಗೆ ಚಹಾದ ಕಪ್ಪು ಬಲಗೈಯಿಂದ ಜಾರಿತು. ಅಶಕ್ತಿ ಅಂದರು. ಮಧ್ಯಾಹ್ನಕ್ಕೆ ಮಾತು ತೊದಲಿತು. ಆಗ “ಲಕ್ವಾ ಹೊಡದದ” ಎಂದು ಗೊತ್ತಾಯಿತು, ಆದರೆ ಹೋದದ್ದು ಪಾರಿವಾಳದ ರಕ್ತ ಹಚ್ಚುವವರ ಹತ್ತಿರ. ಸ್ಕ್ಯಾನ್ ಆಗುವ ಹೊತ್ತಿಗೆ ಮರುದಿನ. ಹೆಪ್ಪು ಇತ್ತು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಬಲಗೈ ಇನ್ನೂ ಬಂದಿಲ್ಲ. ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಡೆಂಗಿಗೂ ಲಕ್ವಾಕ್ಕೂ ಸಂಬಂಧ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಪ್ಲೇಟ್ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಅದನ್ನು ಕೊಡಲು ಹಿಂಜರಿಯುತ್ತಾರೆ, ಡೆಂಗಿ ರೋಗಿಯಲ್ಲಿ ಇದು ದೊಡ್ಡ ತೊಡಕು. ಆದರೂ ಬೇಗ ತಲುಪಿದರೆ ತಜ್ಞರ ಕೈಯಲ್ಲಿ ಬೇರೆ ದಾರಿಗಳಿರುತ್ತವೆ. ಆದ್ದರಿಂದ 108ಕ್ಕೆ ಫೋನ್ ಮಾಡುವಾಗಲೇ “ಡೆಂಗಿ ಬಂದಿತ್ತು” ಎಂದು ಹೇಳಿ, ಹಳೆಯ ರಿಪೋರ್ಟ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಎಂದು ಮನೆಯ ಅಂಗಳದಲ್ಲಿ ತಾಸುಗಟ್ಟಲೆ ಮಾತಾಡಬೇಡಿ. ಮೊದಲು ಸ್ಕ್ಯಾನ್ ಇರುವ ಹತ್ತಿರದ ಜಾಗ, ಮುಂದಿನದು ಆಮೇಲೆ.

ಜ್ವರ ಬಿಟ್ಟು ಕೆಲ ವಾರದ ಮೇಲೆ ಪಾದದಿಂದ ಮೇಲಕ್ಕೆ ಶಕ್ತಿ ಹೋಗುತ್ತಾ ಬಂದರೆ ಅದು ಗಿಲನ್-ಬರೆ ಎಂಬ ನರಗಳ ಕಾಯಿಲೆ ಇರಬಹುದು, ಉಸಿರಾಟದ ಸ್ನಾಯುಗಳಿಗೆ ಏರುವ ಮೊದಲೇ ಚಿಕಿತ್ಸೆ ಬೇಕು. ಜ್ವರದಲ್ಲಿಯೇ ಎರಡೂ ಕಾಲು ಏಕಾಏಕಿ ಎತ್ತಲಾಗದಂತಾದರೆ ಕೆಲವೊಮ್ಮೆ ಬರೀ ಪೊಟ್ಯಾಸಿಯಂ ಕುಸಿದಿರುತ್ತದೆ, ಅದನ್ನು ತುಂಬಿದರೆ ಮನುಷ್ಯ ಎದ್ದು ಕೂರುತ್ತಾನೆ. ಒಂದು ಸರಳ ರಕ್ತ ಪರೀಕ್ಷೆಯ ವಿಷಯ. ಹೀಗಿರುವಾಗ ಎಲ್ಲಕ್ಕೂ ಲಕ್ವಾ ಎಂದು ಕೈ ಚೆಲ್ಲಿ ಕೂರುವುದನ್ನು ಕಂಡರೆ ಸಂಕಟವಾಗುತ್ತದೆ.

ಇನ್ನು ಹೃದಯ. ಡೆಂಗಿಯಿಂದ ಹೃದಯದ ಸ್ನಾಯು ಊದಿಕೊಳ್ಳಬಹುದು, ಬಡಿತ ತಪ್ಪಬಹುದು. ಚೇತರಿಕೆಯಲ್ಲಿ ನಾಡಿ ನಿಧಾನವಾಗುವುದು ಹಲವರಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ತಾನೇ ಸರಿಹೋಗುತ್ತದೆ. ಆದರೆ ತಲೆ ತಿರುಗಿ ಬೀಳುವುದು, ಎದೆ ಹಿಡಿದುಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು ಅಶಕ್ತಿ ಅಲ್ಲ. ಇಲ್ಲಿ ನಮ್ಮ ಇನ್ನೊಂದು ಚಾಳಿಯ ಬಗ್ಗೆ ಹೇಳಲೇಬೇಕು. “ಎರಡು ಬಾಟ್ಲಿ ಹಚ್ರಿ ಸರ, ಶಕ್ತಿ ಬರ್ತದ.” ಡೆಂಗಿಯಲ್ಲಿ ಸಲೈನ್ ಅಳೆದು ತೂಗಿ ಕೊಡುವ ಔಷಧ. ಸೋರಿದ ನೀರು ಚೇತರಿಕೆಯ ಹಂತದಲ್ಲಿ ತಾನಾಗಿ ರಕ್ತಕ್ಕೆ ಮರಳುತ್ತದೆ. ಅದೇ ಹೊತ್ತಿಗೆ ಹೊರಗಿನಿಂದಲೂ ಬಾಟಲಿ ಮೇಲೆ ಬಾಟಲಿ ಏರಿಸಿದರೆ ದಣಿದ ಹೃದಯ ತಡೆಯುವುದಿಲ್ಲ, ಪುಪ್ಪುಸಕ್ಕೆ ನೀರು ತುಂಬುತ್ತದೆ.

ಪ್ಲೇಟ್ಲೆಟ್ ಚೀಲದ ಓಡಾಟವೂ ಹಾಗೆಯೇ. ಸಿಂಗಪುರ, ಮಲೇಷ್ಯಾಗಳಲ್ಲಿ 372 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣಿಕೆ 20 ಸಾವಿರಕ್ಕೆ ಇಳಿದಿದ್ದರೂ ರಕ್ತಸ್ರಾವ ಇಲ್ಲದವರಿಗೆ ಮುಂಜಾಗ್ರತೆ ಎಂದು ಪ್ಲೇಟ್ಲೆಟ್ ಏರಿಸಿದ್ದರಿಂದ ರಕ್ತಸ್ರಾವವೇನೂ ತಪ್ಪಲಿಲ್ಲ, ಅಡ್ಡಪರಿಣಾಮ ಹೆಚ್ಚಾಯಿತು. ನಮ್ಮ ಜನ ಅದಕ್ಕಾಗಿ ಬಂಗಾರ ಒತ್ತೆ ಇಡುತ್ತಾರೆ.

ನನ್ನ ವೃತ್ತಿಯವರಿಗೂ ಒಂದು ಮಾತು. ಈ ಸೀಸನ್ನಿನಲ್ಲಿ “ಮೈ ಕೈ ಬ್ಯಾನಿಗೆ ಗುಳಗಿ ಕೊಡ್ರಿ” ಅಂದ ಕೂಡಲೇ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕಿತ್ತು ಕೊಡಬೇಡಿ. ಜ್ವರ ಇದೆಯಾ ಎಂದು ಕೇಳಿ, ಇದ್ದರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಅಳತೆಯಲ್ಲಿ. ಸ್ಟೆಂಟ್ ಹಾಕಿಸಿಕೊಂಡು ದಿನಾ ಆಸ್ಪಿರಿನ್ ತಿನ್ನುವವರಿಗೆ ಡೆಂಗಿ ಬಂದರೆ ತಾವಾಗಿ ನಿಲ್ಲಿಸುವುದೂ ತಪ್ಪು, ಕೇಳದೆ ಮುಂದುವರಿಸುವುದೂ ತಪ್ಪು. ಅದೇ ದಿನ ಡಾಕ್ಟರನ್ನು ಕೇಳಲು ಹೇಳಿ.

ಸೊಳ್ಳೆಯ ಮಾತು ಎಲ್ಲರಿಗೂ ಗೊತ್ತು, ಆದರೆ ನಮ್ಮೂರಿನ ಕೂಲರ್ ಬಗ್ಗೆ ಹೇಳದೆ ಬಿಡಲಾರೆ. ಬೇಸಿಗೆಯಲ್ಲಿ ಅದಿಲ್ಲದೆ ಜೀವ ನಿಲ್ಲುವುದಿಲ್ಲ, ಒಪ್ಪಿದೆ. ಜೂನ್ ಬಂದ ಮೇಲೆ ಅದರ ತಳದ ನೀರು ಹಾಗೇ ಇರುತ್ತದೆ. ನಳ ದಿನಾ ಬಾರದ ಓಣಿಗಳಲ್ಲಿ ಡ್ರಮ್ಮು, ತೊಟ್ಟಿ, ರಂಜಣಗಿ ತುಂಬಿಡದೆ ಬೇರೆ ಗತಿಯಿಲ್ಲ, ಬಡವರಿಗೆ ದಂಡ ಹಾಕುವ ಮೊದಲು ನೀರು ಸರಿಯಾಗಿ ಬಿಡಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಇವುಗಳ ಒಣಗಿದ ಒಳಗೋಡೆಯ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ, ಆದ್ದರಿಂದ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು.

ಆರೋಗ್ಯ ಇಲಾಖೆಯವರು ಇದನ್ನು ಓದುತ್ತಿದ್ದರೆ ನನ್ನ ಬೇಡಿಕೆ ದೊಡ್ಡದಲ್ಲ. ಹೃದಯಾಘಾತಕ್ಕೆಂದು ತಾಲೂಕು ಆಸ್ಪತ್ರೆಗಳಿಗೆ ಇಸಿಜಿ ಬಂದಿದೆ, ಹೃದ್ರೋಗಕ್ಕೆ 371 ಹಾಸಿಗೆಯ ಜಯದೇವ ಆಸ್ಪತ್ರೆ 2024ರ ಡಿಸೆಂಬರಿನಿಂದ ಕಲಬುರಗಿಯಲ್ಲೇ ಸ್ವಂತ ಕಟ್ಟಡದಲ್ಲಿದೆ. ದಾಖಲಾದ ಪ್ರತಿ ಡೆಂಗಿ ರೋಗಿಗೆ ಒಂದು ಇಸಿಜಿ ತೆಗೆಯಿರಿ. ಡಿಸ್ಚಾರ್ಜ್ ಚೀಟಿಯ ಕೆಳಗೆ ಕನ್ನಡದಲ್ಲಿ, ಉರ್ದುವಿನಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ: ಬಾಯಿ ಸೊಟ್ಟ, ಕೈಕಾಲು ಸೋಲು, ಮಾತು ತೊದಲು, ಬುದ್ಧಿ ಮಂಕು, ಎದೆನೋವು, ಉಸಿರುಗಟ್ಟು, ಎರಡು ತಿಂಗಳೊಳಗೆ ಯಾವುದು ಕಂಡರೂ ತಕ್ಷಣ ಬನ್ನಿ. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಮನೆಗೆ ಹೋದಾಗ ಡೆಂಗಿಯಿಂದ ಎದ್ದವರ ಹತ್ತಿರವೂ ಇದನ್ನೇ ಕೇಳಲಿ. ಅಚ್ಚಿನ ಖರ್ಚು ಕಷ್ಟವಾದರೆ ನಮ್ಮ ಓಣಿಯ ಚೀಟಿಗಳನ್ನು ನಾನೇ ಹಾಕಿಸಿಕೊಡುತ್ತೇನೆ.